ಸಂಸ್ಕಾರದ ಹೊಣೆ ಯಾರದು?

ಮಕ್ಕಳಿಗೆ ಧರ್ಮಸಂಸ್ಕಾರವಿಲ್ಲವೆಂಬ ಕೊರಗು ಪ್ರತಿ ಚಾತುರ್ಮಾಸದಲ್ಲಿಯೂ ಕೇಳಿಬರುತ್ತದೆ. ತಂದೆತಾಯಿಗಳು ಪಾಠಶಾಲೆಯನ್ನು ದೂರುತ್ತಾರೆ. ಅಧ್ಯಾಪಕರು ಮನೆಯನ್ನು ದೂರುತ್ತಾರೆ. ಇಬ್ಬರೂ ಮುನಿಮಹಾರಾಜರ ಆಗಮನಕ್ಕೆ ಕಾಯುತ್ತಾರೆ. ಈ ಕಾಯುವಿಕೆಯೇ ರೋಗದ ಮೂಲ.

ಈ ವಿಷಯದಲ್ಲಿ ಯೆಹೂದ್ಯ ಸಮಾಜದ ನಿದರ್ಶನ ಮನನೀಯವಾದುದು. ಮಗನಿಗೆ ಧರ್ಮಶಾಸ್ತ್ರವನ್ನೂ ಒಂದು ಕಸುಬನ್ನೂ ಕಲಿಸುವುದು ತಂದೆಯ ಕರ್ತವ್ಯವೆಂದು ಅವರ ತಾಲ್ಮುದ್ ಗ್ರಂಥ ವಿಧಿಸುತ್ತದೆ. ತಂದೆಯಿಲ್ಲದ ಮಕ್ಕಳು ವಿದ್ಯೆಯಿಂದ ವಂಚಿತರಾಗಬಾರದೆಂದು, ಯೆಹೋಶುವ ಬೆನ್ ಗಮ್ಲಾ ಎಂಬ ಪ್ರಧಾನ ಯಾಜಕನು ಊರೂರಿಗೂ ಅಧ್ಯಾಪಕರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಅವರಲ್ಲಿಗೆ ಕಳುಹಿಸುವ ಏರ್ಪಾಡು ಮಾಡಿದನೆಂದೂ ಅದೇ ಗ್ರಂಥ ಹೇಳುತ್ತದೆ. ಅವರ ಧರ್ಮಗುರುಗಳಾದ ರಬ್ಬಿಗಳೂ ಮೂಲತಃ ಬೋಧಕರೇ. ಆದರೂ ಪಾಸ್ಕ ಹಬ್ಬದ ರಾತ್ರಿ ಮನೆಯ ಕಿರಿಯ ಮಗು ಪ್ರಶ್ನೆ ಕೇಳುತ್ತದೆ. ಉತ್ತರಿಸಬೇಕಾದವರು ಮನೆಯ ಹಿರಿಯರು.

ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದ್ಯರಿಗೆ ಶತಮಾನಗಳ ಕಾಲ ರಬ್ಬಿಗಳೇ ಇರಲಿಲ್ಲ. ಅವರು ಹೀಬ್ರೂ ಭಾಷೆಯನ್ನು ಮರೆತು ಮರಾಠಿಯನ್ನಾಡಿದರು, ಗಾಣ ತಿರುಗಿಸಿ ಬದುಕಿದರು. ಆದರೆ ಶನಿವಾರ ಅವರ ಗಾಣ ತಿರುಗಲಿಲ್ಲ. ಅದಕ್ಕಾಗಿಯೇ ನೆರೆಯವರು ಅವರನ್ನು 'ಶನಿವಾರ ತೇಲಿ'ಗಳೆಂದು ಕರೆದರು. ಮುಂದೆ ಕೊಚ್ಚಿಯಿಂದ ಬೋಧಕರು ಬಂದಾಗ, ನೀರೆರೆಯಲು ಬೇರು ಉಳಿದಿತ್ತು. ಅದನ್ನು ಉಳಿಸಿದುದು ಮನೆ.

ದುಡಿಮೆಯಲ್ಲಿ ಬಿಡುವಿಲ್ಲವೆಂಬ ಶ್ರಾವಕರ ನೆಪಕ್ಕೆ ಆ ಗಾಣಿಗರೇ ಉತ್ತರ. ಸ್ವಾಧ್ಯಾಯವು ಶ್ರಾವಕನ ಷಟ್ಕರ್ಮಗಳಲ್ಲಿ ಒಂದು. ಅದು ಮುನಿಗಳಿಗೆ ಮಾತ್ರ ಮೀಸಲಾದುದಲ್ಲ. ಮುನಿಸಂಘವು ಚಾತುರ್ಮಾಸ ಮುಗಿದೊಡನೆ ವಿಹಾರ ಹೊರಡುತ್ತದೆ. ವಿಜಯಪುರ ಜಿಲ್ಲೆಯ ಮೋರಟಗಿಯಂತಹ ಊರಿನ ಮಗುವಿನ ಕಣ್ಣೆದುರು ವರ್ಷವಿಡೀ ಇರುವವರು ತಂದೆತಾಯಿಗಳು. ರಾತ್ರಿಭೋಜನ ತ್ಯಾಗವನ್ನು ಬೋಧಿಸುವ ತಂದೆ ರಾತ್ರಿ ಹತ್ತಕ್ಕೆ ಉಣ್ಣುವುದನ್ನು ಕಂಡ ಮಗು, ಧರ್ಮವೆಂದರೆ ಹೇಳುವ ಮಾತು, ನಡೆಯುವ ಮಾತಲ್ಲ ಎಂದೇ ಕಲಿಯುತ್ತದೆ.

ಹಾಗೆಂದು ಬಸದಿಗಳ ಟ್ರಸ್ಟುಗಳು ನಿರ್ದೋಷಿಗಳಲ್ಲ. 1899ರಲ್ಲಿ ಸ್ಥಾಪನೆಗೊಂಡ ದಕ್ಷಿಣ ಭಾರತ ಜೈನ ಸಭೆಯು ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ನಿರ್ಮಿಸಿ ದಾರಿ ತೋರಿತು. ಇಂದು ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳು ಹರಿಯುತ್ತವೆ. ಪಾಠಶಾಲೆಯ ಅಧ್ಯಾಪಕರ ಸಂಬಳದ ಮಾತು ಬಂದಾಗ ಮಾತ್ರ ನಿಧಿ ಬರಿದಾಗುತ್ತದೆ. ಕಲಶವಿಲ್ಲದ ಬಸದಿಗೆ ಮುಂದೊಂದು ದಿನ ಕಲಶ ಬಂದೀತು. ಶ್ರಾವಕರೇ ಇಲ್ಲದ ಬಸದಿಗೆ ಅವರನ್ನು ತರುವವರಾರು?

ತಂದೆತಾಯಿಗಳು ಬಿತ್ತಬೇಕು, ಅಧ್ಯಾಪಕರು ಬೆಳೆಸಬೇಕು, ಗುರುಗಳು ಹರಸಬೇಕು. ಬಿತ್ತದ ಹೊಲಕ್ಕೆ ಹರಕೆಯಿಂದ ಪೈರು ಬಾರದು.