ಬ್ರೆನ್ ಗನ್ನನ್ನು ಹೊಗಳುವ ಮುನ್ನ

ಹಳೆಯ ಬಂದೂಕುಗಳನ್ನು ಹೊಗಳಿ ಬರೆಯುವುದು ನಮ್ಮಲ್ಲಿ ಒಂದು ಚಾಳಿಯಾಗಿಬಿಟ್ಟಿದೆ. ಗಣರಾಜ್ಯೋತ್ಸವವೋ ಕಾರ್ಗಿಲ್ ದಿನವೋ ಹತ್ತಿರ ಬಂದರೆ ಸಾಕು, ಯಾವುದಾದರೊಂದು ಪುರವಣಿಯಲ್ಲಿ ಬ್ರೆನ್ ಗನ್ನಿನ ಚಿತ್ರ ಕಾಣಿಸಿಕೊಳ್ಳುತ್ತದೆ. ಎಷ್ಟು ಯುದ್ಧ ಕಂಡಿತು, ಎಷ್ಟು ದೇಶ ಸುತ್ತಿತು, ಎಂಥ ಗಟ್ಟಿ ಜೀವ ಎಂಬ ಗುಣಗಾನ. ಅಜ್ಜಿಯ ಒರಳುಕಲ್ಲನ್ನೂ ಹಿತ್ತಾಳೆಯ ಹಂಡೆಯನ್ನೂ ನೆನೆಯುವ ಅದೇ ಧಾಟಿ. ಒರಳುಕಲ್ಲಿನ ಬಗ್ಗೆ ನಮ್ಮದೇನೂ ತಕರಾರಿಲ್ಲ. ಬಂದೂಕಿನ ಬಗ್ಗೆ ಇದೆ.

ನಾವು ಉರ್ದು ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ನಮ್ಮ ಓಣಿಯಲ್ಲಿ ಬರ್ಮಾ ಯುದ್ಧದಿಂದ ಮರಳಿದ ಒಬ್ಬ ಚಾಚಾ ಇದ್ದರು. ಸೈಕಲ್ ರಿಪೇರಿ ಅವರ ಕಸುಬು. ಯುದ್ಧದ ಶೌರ್ಯದ ಕಥೆ ಕೇಳಲು ಹೋದ ಮಕ್ಕಳಿಗೆ ಅವರು ಹೇಳುತ್ತಿದ್ದದ್ದು ಬರೀ ಲೆಕ್ಕ. ಮ್ಯಾಗಝಿನ್ನಿನಲ್ಲಿ ಮೂವತ್ತು ಗುಂಡು ಹಿಡಿಯುತ್ತದೆ, ಇಪ್ಪತ್ತೆಂಟೇ ತುಂಬಬೇಕು, ಇಲ್ಲವಾದರೆ ಸ್ಪ್ರಿಂಗು ಸೋಲುತ್ತದೆ. ಗನ್ನಿನ ತೂಕ ಸುಮಾರು ಹತ್ತು ಕಿಲೋ. ನಳಿಗೆ ಕಾದರೆ ಬದಲಿಸಲು ಇನ್ನೊಂದು ನಳಿಗೆ. ಅದನ್ನು ಹೊರುವವನು ‘ನಂಬರ್ ಎರಡು’. ಚಾಚಾ ನಂಬರ್ ಎರಡು. ಕಾರಣ, ಅವರು ಎಡಗೈಯವರು. ಬ್ರೆನ್ನಿನ ಮ್ಯಾಗಝಿನ್ ಮೇಲಕ್ಕೆ ನಿಲ್ಲುವುದರಿಂದ ಗುರಿ ನೋಡುವ ಕಣ್ಣನ್ನು ಎಡಪಕ್ಕಕ್ಕೆ ಸರಿಸಿ ಇಟ್ಟಿದ್ದಾರೆ. ಬಲ ಭುಜಕ್ಕಿಟ್ಟು ಹಾರಿಸಿದರೇ ಅದು ಸರಿಹೋಗುವುದು. ಅವರ ಅಂಗೈಯಲ್ಲಿ ಕಾದ ನಳಿಗೆ ಮುಟ್ಟಿದ ಕಲೆ ಇತ್ತು. ಗನ್ ಒಳ್ಳೆಯದಿತ್ತೇ ಎಂದು ಕೇಳಿದರೆ, “ಗನ್ ಒಳ್ಳೆಯದೇ ಬೇಟಾ, ಗುಂಡು ಮುಗಿಯುತ್ತಿತ್ತು” ಎನ್ನುತ್ತಿದ್ದರು.

ಗನ್ ಒಳ್ಳೆಯದಿತ್ತು ಎಂಬುದನ್ನು ನಾವೂ ಒಪ್ಪುತ್ತೇವೆ. ಚೆಕೊಸ್ಲೊವಾಕಿಯಾದ ಬ್ರನೋ ಪಟ್ಟಣದ ಝಡ್‌ಬಿ-26 ಎಂಬ ಲಘು ಮಶಿನ್ ಗನ್ ಇದರ ತಾಯಿ. 1930ರ ದಶಕದಲ್ಲಿ ಬ್ರಿಟಿಷರು ಪರೀಕ್ಷೆ ನಡೆಸಿ, ತಮ್ಮ .303 ಗುಂಡಿಗೆ ಹೊಂದಿಸಿ, 1935ರಲ್ಲಿ ಆರಿಸಿಕೊಂಡರು. ಬ್ರನೋದ ಮೊದಲೆರಡು ಅಕ್ಷರ, ಕಾರ್ಖಾನೆಯಿದ್ದ ಎನ್‌ಫೀಲ್ಡಿನ ಮೊದಲೆರಡು ಅಕ್ಷರ ಸೇರಿ ಬ್ರೆನ್ ಆಯಿತು. ಯುದ್ಧ ಬಂದಾಗ ಅದು ಟೊರಾಂಟೊದಲ್ಲಿ ಬಾಯ್ಲರ್ ಮಾಡುತ್ತಿದ್ದ ಇಂಗ್ಲಿಸ್ ಕಂಪೆನಿಯಲ್ಲೂ, ನಮ್ಮ ಇಶಾಪುರದಲ್ಲೂ ತಯಾರಾಯಿತು.

ಆದರೆ ಪುರವಣಿಯವರು ಹೇಳದ ಒಂದು ಸಂಗತಿಯಿದೆ. 1939ರಲ್ಲಿ ಹಿಟ್ಲರನು ಚೆಕ್ ನೆಲವನ್ನು ನುಂಗಿದಾಗ ಬ್ರನೋದ ಕಾರ್ಖಾನೆಯೂ ಅವನ ಪಾಲಾಯಿತು. ಅಲ್ಲಿನ ಗನ್ನುಗಳನ್ನು ಜರ್ಮನ್ನರು ತಮ್ಮ ಸೈನ್ಯಕ್ಕೆ ಹಂಚಿದರು. ಚೀನಾದಲ್ಲಿ ಇದೇ ಝಡ್‌ಬಿಯ ನಕಲುಗಳು ರಾಶಿ ರಾಶಿಯಾಗಿ ತಯಾರಾದವು. ಕೊರಿಯಾ ಯುದ್ಧದಲ್ಲಿ ಅವುಗಳನ್ನು ಹಿಡಿದ ಚೀನೀ ಸೈನಿಕರ ಎದುರು ಬ್ರೆನ್ ಹಿಡಿದ ಕಾಮನ್‌ವೆಲ್ತ್ ಸೈನಿಕರು ನಿಂತಿದ್ದರು. ಒಂದೇ ತಾಯಿಯ ಮಕ್ಕಳು ಎರಡೂ ಕಡೆ! ಗನ್ನಿಗೆ ನಿಷ್ಠೆ ಎಂಬುದಿಲ್ಲ. ‘ನಮ್ಮ ಬ್ರೆನ್’ ಎಂದು ಎದೆ ತಟ್ಟಿಕೊಳ್ಳುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ಉಪಖಂಡದಲ್ಲಂತೂ ದೂರದ ನಂಟೂ ಬೇಕಾಗಲಿಲ್ಲ. 1947ರಲ್ಲಿ ಸೈನ್ಯವನ್ನು ಪಾಲು ಮಾಡಿದಾಗ ರೆಜಿಮೆಂಟುಗಳಂತೆ ಗನ್ನುಗಳೂ ಪಾಲಾದವು. ಕಾಶ್ಮೀರದಲ್ಲಿ ಆ ವರ್ಷವೇ ಎರಡು ಕಡೆಯಿಂದಲೂ ಬ್ರೆನ್ ಕೂಗಿತು. ಬಲೂಚ್ ರೆಜಿಮೆಂಟಿನಲ್ಲಿ ಬೆಳೆದ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್, ರೆಜಿಮೆಂಟು ಪಾಕಿಸ್ತಾನಕ್ಕೆ ಹೋದರೂ ತಾವು ಹೋಗದೆ ಇಲ್ಲಿಯೇ ಉಳಿದರು, ನೌಷೇರಾವನ್ನು ಕಾದರು. 1948ರ ಫೆಬ್ರವರಿ 6ರಂದು ಅದೇ ನೌಷೇರಾದ ತೈನ್‌ಧಾರ್ ದಿಣ್ಣೆಯಲ್ಲಿ ನಾಯಕ್ ಜದುನಾಥ್ ಸಿಂಗ್ ಒಂಬತ್ತು ಜನರೊಂದಿಗೆ ಒಂದು ಕಾವಲು ಠಾಣೆಯನ್ನು ಹಿಡಿದು ನಿಂತಿದ್ದರು. ಬ್ರೆನ್ ಹಾರಿಸುತ್ತಿದ್ದವನು ಗಾಯಗೊಂಡು ಬಿದ್ದಾಗ, ಬಲಗೈಗೆ ಪೆಟ್ಟಾಗಿದ್ದರೂ ಜದುನಾಥ್ ಸಿಂಗ್ ತಾವೇ ಆ ಗನ್ ಹಿಡಿದರು. ಅಲ್ಲಿಯೇ ಮಡಿದರು, ಪರಮವೀರ ಚಕ್ರ ಪಡೆದರು. ಉಸ್ಮಾನರು ಜುಲೈ 3ರಂದು ಝಂಗಡದಲ್ಲಿ ಫಿರಂಗಿ ಗುಂಡಿಗೆ ಬಲಿಯಾದರು. ಅದೇ ಏಪ್ರಿಲಿನಲ್ಲಿ ನೌಷೇರಾ-ರಾಜೌರಿ ರಸ್ತೆಯಲ್ಲಿ ಮಶಿನ್ ಗನ್ನಿನ ಗುಂಡಿನ ನಡುವೆ ಮೈನು ಕಿತ್ತು ದಾರಿ ಮಾಡಿದವರು ನಮ್ಮ ಕಾರವಾರದ ಚೆಂಡಿಯಾದ ರಾಮ ರಾಘೋಬಾ ರಾಣೆ. ಇವರ ಧೈರ್ಯಕ್ಕೆ ತಲೆಬಾಗದವರು ಯಾರು? ಆದರೆ ಈ ಧೈರ್ಯವನ್ನು ಗನ್ನಿನ ಖಾತೆಗೆ ಜಮಾ ಮಾಡುವ ಲೆಕ್ಕಾಚಾರ ನಮಗೆ ಒಪ್ಪಿಗೆಯಿಲ್ಲ.

1948ರಲ್ಲಿ ಹಾಗೆ ಮಾಡಿದ್ದು ಬಡ ದೇಶದ ಅನಿವಾರ್ಯ ಎನ್ನೋಣ. 1962ಕ್ಕೆ ಏನೆನ್ನೋಣ? ಹದಿನಾಲ್ಕು ವರ್ಷ ಕಳೆದಿತ್ತು. ಕೈಯಲ್ಲಿದ್ದದ್ದು ಅದೇ .303 ರೈಫಲ್, ಅದೇ ಬ್ರೆನ್. ಎದುರಿನ ಚೀನೀ ಸೈನ್ಯ ಅಷ್ಟರಲ್ಲಿ ಸ್ವಯಂಚಾಲಿತ ಅಸ್ತ್ರಗಳಿಗೆ ಬದಲಾಗಿತ್ತು. ನವೆಂಬರ್ 18ರ ಬೆಳಗಿನ ಜಾವ, ಹದಿನಾರು ಸಾವಿರ ಅಡಿಗೂ ಎತ್ತರದ ರೆಝಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗರ ಸುಮಾರು 120 ಜನರ ತುಕಡಿ. ನಡುವೆ ಗುಡ್ಡ ಅಡ್ಡವಿದ್ದುದರಿಂದ ಫಿರಂಗಿಯ ಆಸರೆಯಿಲ್ಲ. ಬ್ರೆನ್ ಸುಮಾರು ನಿಮಿಷಕ್ಕೆ 500 ಗುಂಡಿನ ವೇಗದ್ದು. ಲೆಕ್ಕ ಹಾಕಿ ನೋಡಿ: ಬೆರಳು ತೆಗೆಯದೆ ಒತ್ತಿ ಹಿಡಿದರೆ ಇಪ್ಪತ್ತೆಂಟು ಗುಂಡು ಮೂರೂವರೆ ಸೆಕೆಂಡಿಗೆ ಖಾಲಿ. ಆಮೇಲೆ ಮ್ಯಾಗಝಿನ್ ಕಿತ್ತು ಇನ್ನೊಂದು ಹಾಕಬೇಕು, ಹಿಮದಲ್ಲಿ, ಮರಗಟ್ಟಿದ ಬೆರಳಿನಲ್ಲಿ, ಅಲೆಯ ಹಿಂದೆ ಅಲೆಯಾಗಿ ಜನ ಏರಿ ಬರುತ್ತಿರುವಾಗ. ನೂರಕ್ಕೂ ಹೆಚ್ಚು ಜನ ಅಲ್ಲಿಯೇ ಸತ್ತರು. ಮರುವರ್ಷ ಹಿಮ ಕರಗಿದಾಗ ಸಿಕ್ಕ ದೇಹಗಳ ಕೈಯಲ್ಲಿ ಆಯುಧಗಳು ಇನ್ನೂ ಇದ್ದವು.

ಹರಿಯಾಣದ ಹಳ್ಳಿಗಳ ಅಹೀರ್ ರೈತರ ಮಕ್ಕಳು ಅವರಲ್ಲಿ ಹೆಚ್ಚಿನವರು. ‘ಬಂದೂಕು ಮುಖ್ಯವಲ್ಲ, ಬಂದೂಕಿನ ಹಿಂದಿನ ಮನುಷ್ಯ ಮುಖ್ಯ’ ಎಂಬ ಸುಂದರ ಮಾತೊಂದು ಎಲ್ಲ ಸೈನ್ಯಗಳಲ್ಲೂ ಚಲಾವಣೆಯಲ್ಲಿದೆ. ಈ ಮಾತನ್ನು ಯಾರು ಹೇಳುತ್ತಾರೆ ಎಂದು ಸ್ವಲ್ಪ ಗಮನಿಸಿ. ಬಂದೂಕಿನ ಹಿಂದೆ ನಿಂತವನು ಹೇಳುವುದು ಕಡಿಮೆ. ಅವನಿಂದ ಬಹಳ ಹಿಂದೆ, ದೆಹಲಿಯಲ್ಲೋ ಲಂಡನ್ನಿನಲ್ಲೋ ಮೇಜಿನ ಹಿಂದೆ ಕುಳಿತವನು ಹೇಳುವುದು ಹೆಚ್ಚು. ಮನುಷ್ಯನೇ ಅಷ್ಟು ಮುಖ್ಯನಾಗಿದ್ದರೆ ಅವನ ಕೈಗೆ ಕೊಡುವುದರ ಬಗ್ಗೆ ಅಷ್ಟೇ ಕಾಳಜಿ ಬೇಡವೇ? ಆ ಸೋಲಿನ ಕಾರಣ ಹುಡುಕಲು ಬರೆದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಯಾವ ಸರ್ಕಾರವೂ, ಯಾವ ಪಕ್ಷದ್ದೇ ಇರಲಿ, ಅಧಿಕೃತವಾಗಿ ಪ್ರಕಟಿಸಿಲ್ಲ. ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಹೊರಗೆ ಹಾಕಿದ್ದರಿಂದ ಜನ ಅಷ್ಟಾದರೂ ಓದಿದರು.

ಬ್ರಿಟಿಷರೂ ಬಹಳ ಕಾಲ ಇದೇ ಗನ್ನನ್ನು ಬಳಸಲಿಲ್ಲವೇ ಎಂದು ನಮ್ಮ ಮಿತ್ರರೊಬ್ಬರು ವಾದಿಸಿದರು. ಬಳಸಿದರು. 7.62 ಗುಂಡಿಗೆ ಹೊಂದಿಸಿದ ಬ್ರೆನ್ 1982ರ ಫಾಕ್‌ಲ್ಯಾಂಡ್ಸ್‌ನಲ್ಲಿತ್ತು, 1991ರ ಕೊಲ್ಲಿ ಯುದ್ಧದಲ್ಲೂ ಇತ್ತು. ಆದರೆ ಅಷ್ಟರಲ್ಲಿ ಅವರ ಮುಖ್ಯ ಮಶಿನ್ ಗನ್ ಬೇರೆಯಾಗಿತ್ತು, ಪಟ್ಟಿಯಿಂದ ಗುಂಡು ತಿನ್ನುವಂಥದ್ದು. ಬ್ರೆನ್ ಅವರಿಗೆ ಎರಡನೆಯ ಸಾಲಿನದು, ಹೆಚ್ಚುವರಿ. ನಾವೂ ಅದನ್ನು 7.62ಕ್ಕೆ ಬದಲಿಸಿ, 1ಬಿ ಎಂದು ಹೆಸರಿಟ್ಟು, ದಶಕಗಳ ಕಾಲ ಪದಾತಿ ಸೆಕ್ಷನ್ನಿನ ಮುಖ್ಯ ಆಸರೆಯಾಗಿಯೇ ಉಳಿಸಿಕೊಂಡೆವು. ಮನೆಯಲ್ಲಿ ಕಾರು ಇದ್ದು ಹಳೆಯ ಸೈಕಲ್ ಇಟ್ಟುಕೊಳ್ಳುವವನೂ, ಸೈಕಲ್ ಬಿಟ್ಟರೆ ಗತಿಯಿಲ್ಲದವನೂ ಒಂದೇ ಅಲ್ಲ. 1987ರಲ್ಲಿ ಶ್ರೀಲಂಕಾಗೆ ಹೋದ ಶಾಂತಿಪಾಲನಾ ಪಡೆಯ ಕೈಯಲ್ಲಿ ಎಸ್‌ಎಲ್‌ಆರ್ ರೈಫಲ್ ಮತ್ತು ಅದೇ ಮೇಲ್ಮುಖ ಮ್ಯಾಗಝಿನ್ನಿನ ಎಲ್‌ಎಂಜಿ. ಪೊದೆಯ ಆಚೆ ಎಕೆ-47 ಹಿಡಿದ ಹುಡುಗರು. ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಅಲ್ಲಿ ಸತ್ತರು. ಎಲ್ಲ ಸಾವಿಗೂ ಹಳೆಯ ಬಂದೂಕೇ ಕಾರಣ ಎನ್ನುವಷ್ಟು ದಡ್ಡರಲ್ಲ ನಾವು. ಆ ಯುದ್ಧಕ್ಕೆ ಕಳಿಸಿದ್ದೇ ದೊಡ್ಡ ತಪ್ಪು. ತಪ್ಪು ಯುದ್ಧಕ್ಕೆ ಹಳೆಯ ಗನ್ ಕೊಟ್ಟು ಕಳಿಸಿದ್ದು ತಪ್ಪಿನ ಮೇಲೊಂದು ತಪ್ಪು.

ಹಾಗಾದರೆ ಹೊಸ ಗನ್ ಕೊಳ್ಳಿ ಎನ್ನುತ್ತಿದ್ದೀರಾ ಎಂದು ನಮ್ಮನ್ನು ಕೇಳಬಹುದು. ಇಲ್ಲಿ ನಮಗೂ ಗಂಟಲು ಕಟ್ಟುತ್ತದೆ. 1990ರ ದಶಕದಲ್ಲಿ ಇನ್ಸಾಸ್ ಎಲ್‌ಎಂಜಿ ಬಂತು, ಅದರ ಮೇಲೂ ದೂರುಗಳು ಬಂದವು. ಕೊನೆಗೆ 2020ರ ಮಾರ್ಚಿನಲ್ಲಿ ರಕ್ಷಣಾ ಸಚಿವಾಲಯ 880 ಕೋಟಿ ರೂಪಾಯಿಗೆ 16,479 ನೆಗೆವ್ ಗನ್ನುಗಳ ಒಪ್ಪಂದಕ್ಕೆ ಸಹಿ ಹಾಕಿತು. ಇಸ್ರೇಲಿನದು. ‘ಯುದ್ಧದಲ್ಲಿ ಪರೀಕ್ಷಿಸಲಾಗಿದೆ’ ಎಂಬುದು ಆಯುಧ ವ್ಯಾಪಾರಿಗಳು ಎಲ್ಲೆಡೆ ಹಾಕಿಕೊಳ್ಳುವ ಬಿರುದು. ಯಾರ ಮೇಲೆ ಪರೀಕ್ಷಿಸಲಾಗಿದೆ ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ. ಗಾಝಾದ ಚಿತ್ರಗಳನ್ನು ನೋಡಿದವರಿಗೆ ಅದನ್ನು ಬರೆದು ತೋರಿಸುವ ಅಗತ್ಯವೂ ಇಲ್ಲ. ಹಳೆಯ ಗನ್ ಹೊತ್ತ ರೈತನ ಮಗನಿಗಾಗಿ ಮರುಗುವ ನಾವು, ಹೊಸ ಗನ್ನಿನ ಮುಂದೆ ನಿಂತವನನ್ನು ಮರೆಯಲಾರೆವು. ಈ ಎರಡು ಮಾತೂ ಒಟ್ಟಿಗೆ ನಿಲ್ಲುವುದು ಕಷ್ಟ. ಕಷ್ಟವೆಂದು ಒಂದನ್ನು ನುಂಗಿಕೊಂಡು ಲೇಖನವನ್ನು ಚೊಕ್ಕ ಮಾಡುವುದು ನಮ್ಮಿಂದಾಗದು.

ನಮ್ಮ ಬೇಡಿಕೆ ಸಣ್ಣದು. ಸೈನ್ಯದ ವಸ್ತುಸಂಗ್ರಹಾಲಯಗಳಲ್ಲಿ ಬ್ರೆನ್ ಗನ್ನನ್ನು ಒರೆಸಿ ಗಾಜಿನೊಳಗೆ ಇಡುತ್ತಾರೆ; ತೂಕ, ಉದ್ದ, ಗುಂಡಿನ ಅಳತೆಯ ಫಲಕ ಹಾಕುತ್ತಾರೆ. ಆ ಫಲಕದಲ್ಲಿ ಇನ್ನೆರಡು ಸಾಲು ಸೇರಿಸಲಿ. ಇದನ್ನು ಬದಲಿಸಿ ಎಂದು ಸೈನ್ಯ ಮೊದಲ ಸಲ ಕೇಳಿದ್ದು ಯಾವ ಇಸವಿ, ಬದಲಿಸಿದ್ದು ಯಾವ ಇಸವಿ. ಆ ಎರಡು ಇಸವಿಗಳ ನಡುವೆ ಅದನ್ನು ಹೊತ್ತವರ ಊರುಗಳ ಹೆಸರು ಹಾಕಲು ಗೋಡೆಯಲ್ಲಿ ಜಾಗವಿರಲಿ. ನಂಬರ್ ಎರಡುಗಳ ಹೆಸರನ್ನೂ ಬಿಡಬಾರದು.