ಸುಟ್ಟ ಮೇಲೆ ಅಳುವವರು

ಕೊಲ್ಹಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹ 2024ರ ಆಗಸ್ಟ್ 8ರ ರಾತ್ರಿ ಬೆಂಕಿಗೆ ಬಿತ್ತು. ಮರುದಿನ ಆಗಸ್ಟ್ 9, ಮರಾಠಿ ಸಂಗೀತ ನಾಟಕದ ನಟ ಕೇಶವರಾಯರು ಹುಟ್ಟಿದ ದಿನ. ಹಾರ ಹಾಕಲು ಬರಬೇಕಿದ್ದ ಕಲಾವಿದರು ಕರಿಹಿಡಿದ ಕಲ್ಲುಗೋಡೆಗಳ ಮುಂದೆ ನಿಂತು ಕಣ್ಣೀರು ಹಾಕಿದರು. ರಂಗವೂ ಇಲ್ಲ, ಕುರ್ಚಿಗಳೂ ಇಲ್ಲ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ತಾಸಿನೊಳಗೆ ಮುಟ್ಟುವ ಊರು ಅದು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೂ ದವಾಖಾನೆ, ಪೇಟೆ, ಬೀಗಸ್ತನ ಎಲ್ಲಕ್ಕೂ ಅದೇ ದಾರಿ. ಆದ್ದರಿಂದ ಅದನ್ನು ಪಕ್ಕದ ರಾಜ್ಯದ ಸುದ್ದಿ ಎಂದು ಓದಿ ಪುಟ ಮಗುಚಿದ್ದು ನಮ್ಮ ಮೊದಲ ತಪ್ಪು.

ಆ ಪ್ರಕರಣದಲ್ಲಿ ಜನರ ಮೇಲೆ ಹೊರಿಸಲು ಏನೂ ಇಲ್ಲ. ಅವರು ಬಂದರು, ಕೈಲಾದದ್ದು ಕೊಡುತ್ತೇವೆ ಎಂದರು, ಮೊದಲಿದ್ದಂತೆಯೇ ಕಟ್ಟಿಕೊಡಿ ಎಂದು ಹಟ ಹಿಡಿದರು. ಮಹಾರಾಷ್ಟ್ರ ಸರ್ಕಾರ 20 ಕೋಟಿ ರೂಪಾಯಿ ಘೋಷಿಸಿತು. ದೋಷ ಇರುವುದು ಒಡೆತನದಲ್ಲಿ. ನಾಟ್ಯಗೃಹ ಮಹಾನಗರಪಾಲಿಕೆಯದು. ಬೆಂಕಿಯ ಮೂಲ ಏನೇ ಆಗಿರಲಿ, ನೂರು ದಾಟಿದ ಕಟ್ಟಡವನ್ನು ಒಂದೇ ರಾತ್ರಿ ಕಳೆದುಕೊಂಡ ಮಾಲೀಕನಿಗೆ ‘ಆಕಸ್ಮಿಕ’ ಎಂಬ ಮಾತು ರಕ್ಷಣೆಯಾಗದು. ಸುಟ್ಟ ಮೇಲೆ ಕೋಟಿ ಲೆಕ್ಕದಲ್ಲಿ ಸಿಗುವ ಹಣದಲ್ಲಿ ಒಂದು ಪಾಲು ಸುಡುವ ಮೊದಲೇ ತಂತಿ ಬದಲಿಸಲು, ರಾತ್ರಿ ಕಾವಲಿಗೆ ಬಳಕೆಯಾಗಬೇಕಿತ್ತು.

ಹೋದದ್ದು ಎಂಥ ಜಾಗ ಎಂಬುದನ್ನು ನಮ್ಮ ಓದುಗರು ತಿಳಿದಿರಬೇಕು. ಕೊಲ್ಹಾಪುರದ ಅರಸ ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮ್ ನಗರದ ಬಯಲು ಅಖಾಡ ಕಂಡು ಬಂದು, 1912ರ ಹೊತ್ತಿಗೆ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿದರು. ಅದರ ಬೆನ್ನಿಗೇ 1915ರಲ್ಲಿ ‘ಪ್ಯಾಲೇಸ್ ಥಿಯೇಟರ್’ ಎದ್ದಿತು. ಅದೇ ಇಂದಿನ ನಾಟ್ಯಗೃಹ. ಗೋಡೆಯ ಒಂದು ಬದಿಗೆ ಕೆಂಪು ಮಣ್ಣು, ಇನ್ನೊಂದು ಬದಿಗೆ ಸಂಗೀತ ನಾಟಕ. ಮಂದಿಯ ಮನರಂಜನೆ ಅರಸೊತ್ತಿಗೆಯ ಕೆಲಸಗಳಲ್ಲಿ ಒಂದು ಎಂದು ನಂಬಿದವರ ಯೋಜನೆ ಅದು. ಇನ್ನು ಕೇಶವರಾಯರು ತಮ್ಮ ಲಲಿತಕಲಾದರ್ಶ ನಾಟಕ ಮಂಡಳಿಯನ್ನು ಹುಟ್ಟುಹಾಕಿದ್ದು ಎಲ್ಲಿ? ನಮ್ಮ ಹುಬ್ಬಳ್ಳಿಯಲ್ಲಿ, 1908ರ ಜನವರಿ 1ರಂದು. ಆಗ ಅವರಿಗೆ ಹದಿನೆಂಟೂ ತುಂಬಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕಾಗವಾಡದ ಎದುರಿಗಿರುವ ಸಾಂಗ್ಲಿ ಸಿಗುತ್ತದೆ. ಹೊನ್ನಾವರದ ಕರ್ಕಿಯಿಂದ ಹೊರಟ ಭಾಗವತರ ಮೇಳವೊಂದು ಅಲ್ಲಿ ಆಟ ಆಡಿತು. ಅದನ್ನು ನೋಡಿದ ಸಂಸ್ಥಾನದ ಅರಸರು ಹೇಳಿದ್ದರಿಂದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದಲೇ ಎಣಿಸುತ್ತದೆ. ಕನ್ನಡ ಕಡಲ ದಂಡೆಯ ಆಟ ಘಟ್ಟ ಹತ್ತಿ ಕೃಷ್ಣೆಯ ದಂಡೆಗೆ ಬಂದು ಇನ್ನೊಂದು ಭಾಷೆಯ ರಂಗವನ್ನು ಎಬ್ಬಿಸಿತು. ಗಡಿಯ ಹೆಸರಿನಲ್ಲಿ ವರ್ಷವರ್ಷ ಬಸ್ಸಿಗೆ ಮಸಿ ಬಳಿಯುವ ಎರಡೂ ಕಡೆಯ ಶೂರರಿಗೆ ಈ ಚರಿತ್ರೆ ಗೊತ್ತಿದ್ದಂತಿಲ್ಲ.

ಮಂದಿ ಸೇರಿ ತಮ್ಮ ಆಟದ ತಾಣವನ್ನು ಉಳಿಸಿಕೊಳ್ಳಬಹುದೇ ಎಂದು ಕೇಳುವವರಿಗೆ ಇಂಗ್ಲೆಂಡಿನ ಮಾರ್ಗೇಟ್ ಉತ್ತರ ಕೊಟ್ಟಿದೆ. ಆ ಕಡಲತಡಿಯ ಊರಿನ ‘ಡ್ರೀಮ್‌ಲ್ಯಾಂಡ್’ ಉದ್ಯಾನದಲ್ಲಿ 1920ರಲ್ಲಿ ‘ಸೀನಿಕ್ ರೈಲ್ವೆ’ ಎಂಬ ಮರದ ಏರಿಳಿತದ ರೈಲು ಓಡತೊಡಗಿತು. ಬ್ರೇಕ್ ಹಾಕುವವನು ಮಂದಿಯ ಜೊತೆಗೇ ಅದರ ಮೇಲೆ ಸವಾರಿ ಮಾಡುತ್ತಿದ್ದ. 2003ರಲ್ಲಿ ಮಾಲೀಕರು ಉದ್ಯಾನ ಮುಚ್ಚಿ ಜಾಗವನ್ನು ಬೇರೆ ವ್ಯವಹಾರಕ್ಕೆ ಬಳಸಲು ಹೊರಟಾಗ ಊರಿನವರೂ ಅಭಿಮಾನಿಗಳೂ ‘ಡ್ರೀಮ್‌ಲ್ಯಾಂಡ್ ಉಳಿಸಿ’ ಎಂದು ಎದ್ದರು. ಅವರ ಕೈಯಲ್ಲಿ ಒಂದು ಆಯುಧವಿತ್ತು. 2002ರಲ್ಲೇ ಆ ರೈಲನ್ನು ರಕ್ಷಿತ ಪಾರಂಪರಿಕ ರಚನೆ ಎಂದು ಸರ್ಕಾರದ ಪಟ್ಟಿಗೆ ಸೇರಿಸಲಾಗಿತ್ತು. ಆಟದ ಸವಾರಿಯೊಂದು ಅಲ್ಲಿನ ಆ ಪಟ್ಟಿ ಸೇರಿದ್ದು ಅದೇ ಮೊದಲು. 2008ರ ಏಪ್ರಿಲ್‌ನಲ್ಲಿ ರೈಲಿಗೆ ಬೆಂಕಿ ಬಿದ್ದು ಒಂದು ಭಾಗ ಬೂದಿಯಾಯಿತು. ಬೇಕೆಂದೇ ಹಚ್ಚಿದ ಬೆಂಕಿ ಎಂಬ ಶಂಕೆ ಎದ್ದಿತು. ಆದರೂ ಪಟ್ಟಿಯಲ್ಲಿ ಹೆಸರಿದ್ದ ಕಾರಣ ನೆಲ ಸಮ ಮಾಡುವುದು ಯಾರಿಗೂ ಸಾಧ್ಯವಾಗಲಿಲ್ಲ. ಕೊನೆಗೆ ಥಾನೆಟ್ ಜಿಲ್ಲಾ ಕೌನ್ಸಿಲ್ ಕಡ್ಡಾಯ ಖರೀದಿಯ ಅಧಿಕಾರ ಬಳಸಿ, ನ್ಯಾಯಾಲಯದಲ್ಲಿ ಗುದ್ದಾಡಿ, 2013ರಲ್ಲಿ ಜಾಗವನ್ನು ವಶಕ್ಕೆ ಪಡೆಯಿತು. 2015ರ ಜೂನ್ 19ರಂದು ಉದ್ಯಾನ ಮತ್ತೆ ಬಾಗಿಲು ತೆರೆಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆಂದವಿತ್ತು. ವರ್ಷ ತುಂಬುವುದರೊಳಗೆ, 2016ರ ಮೇ ತಿಂಗಳಲ್ಲಿ, ಉದ್ಯಾನ ನಡೆಸಲು ವಹಿಸಿಕೊಂಡಿದ್ದ ಕಂಪನಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಹನ್ನೆರಡು ವರ್ಷ ಬೀದಿಯಲ್ಲಿ ನಿಂತವರು ಗೆದ್ದಿದ್ದನ್ನು ಲೆಕ್ಕಪುಸ್ತಕ ಹನ್ನೊಂದು ತಿಂಗಳಲ್ಲಿ ಸೋಲಿಸಿತು. ಹೊಸ ಬಂಡವಾಳ ಬಂದ ಮೇಲೆಯೇ ಉದ್ಯಾನ ಚೇತರಿಸಿಕೊಂಡದ್ದು. ರಿಬ್ಬನ್ ಕತ್ತರಿಸುವುದನ್ನೇ ಜೀರ್ಣೋದ್ಧಾರ ಎಂದು ತಿಳಿದವರು ಈ ಎರಡನೆಯ ಭಾಗವನ್ನೂ ಓದಬೇಕು.

ಈಗ ನಮ್ಮ ಐದು ತಾಲ್ಲೂಕುಗಳ ಪಾಳಿ. ನಮ್ಮ ಹತ್ತಿರ ಕಡಲಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆ ಇವೆ. ವರ್ಷವಿಡೀ ತೆರೆದಿರುವ ಉದ್ಯಾನವೂ ನಮ್ಮಲ್ಲಿ ಇದ್ದಿಲ್ಲ. ನಮ್ಮ ಆಟದ ತಾಣ ಜಾತ್ರೆಯ ಬಯಲು: ರಾಟೆ ತೊಟ್ಟಿಲು, ಮರಣಬಾವಿ, ಟೂರಿಂಗ್ ಟಾಕೀಸು, ಕಂಪನಿ ನಾಟಕದ ಟೆಂಟು, ಹೊತ್ತು ಮುಳುಗುವತನಕ ಜಂಗಿ ಕುಸ್ತಿ. ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಎರಡೂ ರಾಜ್ಯದಿಂದ ಲಕ್ಷಗಟ್ಟಲೆ ಮಂದಿ ಬರುತ್ತಾರೆ. ಯಡೂರಿನ ವೀರಭದ್ರನ ಜಾತ್ರೆ ಇನ್ನೊಂದು. ಊರೂರಿಗೆ ಒಂದು ತಾಲೀಮು, ಓಣಿಗೊಂದು ಪಾರಿಜಾತದ ಆಟ ನೋಡಿದ ತಲೆಮಾರು ಇನ್ನೂ ಜೀವಂತವಿದೆ.

ಇವು ಯಾವುದಕ್ಕೂ ಬೆಂಕಿ ಬೀಳಲಿಲ್ಲ. ಬಿದ್ದಿದ್ದರೆ ಕನಿಷ್ಠ ಪತ್ರಿಕೆಯಲ್ಲಿ ಫೋಟೋ ಬರುತ್ತಿತ್ತು. ತಾಲೀಮಿನ ಕಟ್ಟೆಯ ಮೇಲೆ ಮಳಿಗೆ ಎದ್ದವು, ಟಾಕೀಸಿನ ಜಾಗದಲ್ಲಿ ಮಂಗಲ ಕಾರ್ಯಾಲಯ ಬಂತು, ನಾಟಕದ ಟೆಂಟು ಹಾಕುತ್ತಿದ್ದ ಬಯಲು ಪ್ಲಾಟು ಬಿತ್ತು. ಒಂದೊಂದು ಊರಲ್ಲಿ ಒಂದೊಂದು ಬಗೆ. ಮಾರಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಖಾಸಗಿ ಜಾಗ, ಅವರ ಹಕ್ಕು. ಸಾರ್ವಜನಿಕ ಜಾಗವನ್ನು ಹಾಗೆ ಹೋಗಗೊಟ್ಟ ಪುರಸಭೆ, ನಗರಸಭೆ, ಗ್ರಾಮ ಪಂಚಾಯಿತಿಗಳಿಗೆ ಆ ಮಾಫಿ ಇಲ್ಲ.

‘ಮೊದಲು ಕುಡಿಯುವ ನೀರು, ರಸ್ತೆ; ನಾಟಕ, ಕುಸ್ತಿ ಆಮೇಲೆ’ ಎಂಬ ಸಮರ್ಥನೆಯನ್ನು ನಾವು ತಿರಸ್ಕರಿಸುತ್ತೇವೆ. ನೀರೂ ಬರಲಿಲ್ಲ, ನಾಟಕವೂ ಉಳಿಯಲಿಲ್ಲ ಎಂಬ ಊರುಗಳೇ ಅದಕ್ಕೆ ಉತ್ತರ. 2019ರ ಮಹಾಪೂರದಲ್ಲಿ ನದಿದಂಡೆಯ ಊರುಗಳು ಮುಳುಗಿದಾಗ ಮಂದಿಯನ್ನೂ ದನಗಳನ್ನೂ ಎಲ್ಲಿ ಇಟ್ಟೆವು? ಶಾಲೆಗಳಲ್ಲಿ, ಮಠಗಳಲ್ಲಿ, ಎತ್ತರದ ಬಯಲುಗಳಲ್ಲಿ. ಊರಿಗೆ ಸೇರಿದ ತೆರೆದ ಜಾಗ ಆಪತ್ತಿಗೂ ಆಗುತ್ತದೆ ಎಂದು ಹೊಳೆ ಎರಡೇ ವರ್ಷದಲ್ಲಿ, 2021ರಲ್ಲಿ, ಮತ್ತೊಮ್ಮೆ ತೋರಿಸಿಕೊಟ್ಟಿತು.

ಕಾನೂನಿಲ್ಲ ಎಂಬ ನೆಪವೂ ನಡೆಯದು. ಕರ್ನಾಟಕದ 1961ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ನೂರು ವರ್ಷ ದಾಟಿದ, ಚಾರಿತ್ರಿಕ ಮಹತ್ವದ ಕಟ್ಟಡವನ್ನು ರಕ್ಷಿತವೆಂದು ಘೋಷಿಸಲು ದಾರಿ ಕೊಡುತ್ತದೆ. ಅದು ಗುಡಿ, ಕೋಟೆಗಳಿಗಷ್ಟೇ ಎಂದು ಎಲ್ಲಿಯೂ ಬರೆದಿಲ್ಲ. ಹಳೆಯ ತಾಲೀಮು, ನಾಟಕಗೃಹಕ್ಕೆ ಅರ್ಜಿ ಹಾಕಬೇಡಿ ಎಂದು ಯಾರೂ ಹೇಳಿಲ್ಲ. ಹಣವಿಲ್ಲ ಎಂಬ ಮಾತು ಸಕ್ಕರೆ ಸೀಮೆಯಲ್ಲಿ ಆಡತಕ್ಕದ್ದಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು. ಚಾರಿತ್ರಿಕ ಕಟ್ಟಡಗಳ ಜೀರ್ಣೋದ್ಧಾರ ಆ ಕೆಲಸಗಳ ಪಟ್ಟಿಯಲ್ಲೇ ಇದೆ. ಉಗಾರದಿಂದ ನಿಪ್ಪಾಣಿಯತನಕ ಕಬ್ಬು ನುರಿಸುವವರಲ್ಲಿ ಈ ಕಾಯ್ದೆಗೆ ಬರುವವರ ಬಾಗಿಲನ್ನು ಯಾವ ಊರಿನ ಮುಖಂಡರು ತಟ್ಟಿದ್ದಾರೆ? ಸಹಕಾರಿ ಕಾರ್ಖಾನೆಗಳಿಗೆ ಆ ಕಾಯ್ದೆ ಅನ್ವಯಿಸದು, ನಿಜ. ಅಲ್ಲಿ ಸದಸ್ಯರಾದ ರೈತರೇ ಸರ್ವಸಾಧಾರಣ ಸಭೆಯಲ್ಲಿ ಎದ್ದು ಕೇಳಬಹುದು.

ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಮಟ್ಟಿಗೆ ನಮ್ಮ ಮಾತು ಕಟುವಾಗಿಯೇ ಇರುತ್ತದೆ. ಹೊಸ ಭವನಕ್ಕೆ ಅಡಿಗಲ್ಲು ಹಾಕಿದರೆ ಕಲ್ಲಿನ ಮೇಲೆ ಹೆಸರು ಕೆತ್ತಿಸಬಹುದು; ಹಳೆಯ ಚಾವಣಿಯ ಹಂಚು ಬದಲಿಸಿದರೆ ಆ ಅವಕಾಶವಿಲ್ಲ. ಅನುದಾನ ಎತ್ತ ಹರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ವಿವರಣೆ ಬೇಕಿಲ್ಲ. ಗಡಿಯಲ್ಲಿ ಕನ್ನಡ ಉಳಿಯುವುದು ಫಲಕದಲ್ಲಿ ಎಂದು ಪ್ರಾಧಿಕಾರ ನಂಬಿದ್ದರೆ ಅದು ತಪ್ಪು. ಏಣಗಿ ಬಾಳಪ್ಪನವರಂಥವರು ಟೆಂಟಿನಲ್ಲಿ ಬಸವಣ್ಣನಾಗಿ ನಿಂತು ಉಳಿಸಿದಷ್ಟು ಕನ್ನಡವನ್ನು ಯಾವ ಫಲಕವೂ ಈ ಸೀಮೆಯಲ್ಲಿ ಉಳಿಸಿಲ್ಲ.

ಜನರನ್ನೂ ಪೂರ್ತಿ ಬಿಡುಗಡೆ ಮಾಡುವಂತಿಲ್ಲ. ಜಾತ್ರಾ ಕಮಿಟಿಗಳು ಚಂದಾ ಎತ್ತುವುದರಲ್ಲಿ ಹಿಂದೆ ಬಿದ್ದವಲ್ಲ. ಡಿಜೆಗೆ, ಆರ್ಕೆಸ್ಟ್ರಾಕ್ಕೆ ಸಲೀಸಾಗಿ ಬರುವ ಹಣ ತಾಲೀಮಿನ ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಹಾಕಿಸುವ ಮಾತು ಬಂದಾಗ ಮುಂದಿನ ವರ್ಷಕ್ಕೆ ಹೋಗುತ್ತದೆ. ಕಮಿಟಿಗಳು ಟ್ರಸ್ಟ್ ಆಗಿ ನೋಂದಾಯಿಸಿಕೊಂಡು, ಲೆಕ್ಕ ತೋರಿಸಿ, ಜಾಗದ ಉತಾರಿಯಲ್ಲಿ ಊರಿನ ಹೆಸರು ಏರಿಸಿಕೊಳ್ಳದಿದ್ದರೆ ನಾಳೆ ಹೋರಾಟಕ್ಕೆ ನಿಂತಾಗ ಹಿಡಿಯಲು ಕಾಗದವೇ ಇರುವುದಿಲ್ಲ. ಮಾರ್ಗೇಟ್‌ನವರ ಕೈಯಲ್ಲಿ ಇದ್ದದ್ದು, ನಮ್ಮ ಕೈಯಲ್ಲಿ ಇಲ್ಲದ್ದು ಆ ಕಾಗದ.

ಆದ್ದರಿಂದ ನಮ್ಮ ಒತ್ತಾಯ ಚಿಕ್ಕದು. ಐದೂ ತಾಲ್ಲೂಕುಗಳ ತಹಶೀಲ್ದಾರರು ಮತ್ತು ಸ್ಥಳೀಯ ಸಂಸ್ಥೆಗಳು ತಮ್ಮ ಸುಪರ್ದಿಯಲ್ಲಿರುವ ರಂಗಮಂದಿರ, ತಾಲೀಮು, ಕುಸ್ತಿ ಮೈದಾನ, ಜಾತ್ರೆ ಬಯಲುಗಳ ಪಟ್ಟಿ ಮಾಡಲಿ: ಸರ್ವೆ ನಂಬರು, ಒಡೆತನ, ಒತ್ತುವರಿ, ವಿದ್ಯುತ್ ತಂತಿಯ ಸ್ಥಿತಿ, ಕಳೆದ ಬಾರಿ ದುರಸ್ತಿ ಕಂಡ ವರ್ಷ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಅದರಲ್ಲಿ ನೂರು ದಾಟಿದವನ್ನು ಆರಿಸಿ ಪುರಾತತ್ವ ಇಲಾಖೆಗೆ ಕಳಿಸಲಿ. ಯಾವುದನ್ನೇ ದುರಸ್ತಿ ಮಾಡಿ ತೆರೆದರೂ ಹತ್ತು ವರ್ಷದ ನಿರ್ವಹಣೆ ಯಾರದು, ಹಣ ಎಲ್ಲಿಂದ ಎಂಬುದನ್ನು ಮೊದಲೇ ಬರೆದಿಡಲಿ. ಭಾರತ ಹುಣ್ಣಿಮೆಗೆ ಚಿಂಚಲಿಯ ಬಯಲಲ್ಲಿ ಟೆಂಟು ಏಳುವ ಮುಂಚೆ ಈ ಪಟ್ಟಿ ಸಾರ್ವಜನಿಕರ ಮುಂದೆ ಬರಬೇಕು. ಅದಕ್ಕೂ ಮೊದಲು ಸುವರ್ಣಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುತ್ತದೆ. ಚಿಕ್ಕೋಡಿ ಜಿಲ್ಲೆ ಆಗಲೇಬೇಕೆಂದು ಅಲ್ಲಿ ಗಂಟಲು ಹರಿದುಕೊಳ್ಳುವ ಶಾಸಕರು, ತಮ್ಮ ಕ್ಷೇತ್ರದಲ್ಲಿ ಆ ಪಟ್ಟಿ ಎಷ್ಟು ಪುಟ ಆಗಿದೆ ಎಂದು ಸದನಕ್ಕೆ ಹೇಳಲಿ.