ಎಲುಬಿಗೆ ಗುಳಿಗೆ, ಹೊಟ್ಟೆಗೆ ಗೋಳು

ಐವತ್ತು ದಾಟಿದ ಹೆಂಗಸರಿರುವ ಮನೆಯಲ್ಲಿ ಕ್ಯಾಲ್ಸಿಯಂ ಗುಳಿಗೆ ಇಂದು ಹೊಸ ವಸ್ತುವೇನಲ್ಲ. ಡಾಕ್ಟರು ಬರೆದುಕೊಡುತ್ತಾರೆ, ಮಗನೋ ಮೊಮ್ಮಗಳೋ ಅಂಗಡಿಯಿಂದ ತಂದುಕೊಡುತ್ತಾರೆ. ಮೊದಲ ಎಂಟು-ಹತ್ತು ದಿನ ಅಜ್ಜಿ ನೇಮದಿಂದ ನುಂಗುತ್ತಾಳೆ. ಆಮೇಲೆ ಗುಳಿಗೆ ಡಬ್ಬಿಯಲ್ಲೇ ಉಳಿಯುತ್ತದೆ. ಕೇಳಿದರೆ, ‘ಏ ತಮ್ಮಾ, ಆ ಗುಳಿಗಿ ನುಂಗಿದ್ರ ಹೊಟ್ಟಿ ಉಬ್ಬತೈತಿ, ಸಂಡಾಸ ಸರಿ ಆಗೂದಿಲ್ಲ. ನನಗ ಬ್ಯಾಡ ಅದು’ ಎಂಬ ಉತ್ತರ ಬರುತ್ತದೆ.

ಇದು ಹಟವೂ ಅಲ್ಲ, ನೆವವೂ ಅಲ್ಲ. ಆಕೆ ಹೇಳುವುದು ನಿಜ. ಹಾಗೆಂದು ಗುಳಿಗೆಯನ್ನು ಮೂಲೆಗೆ ಎಸೆಯುವುದೂ ಸರಿಯಲ್ಲ. ಇವೆರಡರ ನಡುವೆ ಒಂದು ದಾರಿ ಇದೆ. ಅದನ್ನು ಹುಡುಕಿಕೊಡಲು ಮನೆಯಲ್ಲಿರುವ ವಿದ್ಯಾರ್ಥಿಗಳಿಗಿಂತ ತಕ್ಕವರು ಬೇರೆ ಯಾರು?

ಮುಟ್ಟು ನಿಂತ ಮೇಲೆ ಹೆಂಗಸರ ದೇಹದಲ್ಲಿ ಈಸ್ಟ್ರೋಜನ್ ಎಂಬ ರಸದೂತ ಕಡಿಮೆಯಾಗುತ್ತದೆ. ಆಗ ಎಲುಬು ಕಟ್ಟುವುದಕ್ಕಿಂತ ಕರಗುವುದು ಹೆಚ್ಚು. ಒಳಗೊಳಗೇ ಎಲುಬು ಜಾಳಾಗುತ್ತ ಹೋಗುತ್ತದೆ. ಇದೇ ಮೂಳೆಸವೆತ, ಅಂದರೆ ಆಸ್ಟಿಯೋಪೊರೋಸಿಸ್. ನೋವಿಲ್ಲದ ಕಾರಣ ಬಹಳ ಮಂದಿಗೆ ಇದು ತಿಳಿಯುವುದೇ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಮುಂಗೈಯೋ ಸೊಂಟವೋ ಮುರಿದ ಮೇಲೆ. ಕ್ಯಾಲ್ಸಿಯಂ ಒಂದೇ ಈ ಬೇನೆಗೆ ಪೂರ್ತಿ ಔಷಧವಲ್ಲ. ಆದರೆ ಉಳಿದ ಔಷಧಗಳು ಕೆಲಸ ಮಾಡಲು ದೇಹದಲ್ಲಿ ಕ್ಯಾಲ್ಸಿಯಂ ಮತ್ತು ‘ಡಿ’ ಜೀವಸತ್ವ ಸಾಕಷ್ಟು ಇರಲೇಬೇಕು.

ಇನ್ನು ಹೊಟ್ಟೆ ಉಬ್ಬುವುದೇಕೆ? ಇದಕ್ಕೆ ಉತ್ತರ ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲೇ ಇದೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಅದರ ಮೇಲೆ ಲಿಂಬೆರಸ ಬಿದ್ದರೆ ಕಲೆಯಾಗುವುದನ್ನು ನೋಡಿದ್ದೀರಿ. ಅದು ಸುಣ್ಣದ ಕಲ್ಲು, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಗುಲಿದರೆ ಸಣ್ಣ ಗುಳ್ಳೆಗಳಾಗಿ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಅಜ್ಜಿಯ ಗುಳಿಗೆಯಲ್ಲಿಯೂ ಸಾಮಾನ್ಯವಾಗಿ ಇರುವುದು ಇದೇ ಕಾರ್ಬೊನೇಟ್. ಜಠರದ ಹೈಡ್ರೋಕ್ಲೋರಿಕ್ ಆಮ್ಲ ಅದರೊಡನೆ ಸೇರಿದಾಗ ಅದೇ ಅನಿಲ ಹುಟ್ಟುತ್ತದೆ.

ಒಂದು ಲೆಕ್ಕ ಮಾಡಿ ನೋಡಿ. ಕಾರ್ಬೊನೇಟಿನ ಅಣುತೂಕ 100, ಅದರಲ್ಲಿ ಕ್ಯಾಲ್ಸಿಯಂ ಪಾಲು 40. ಆದ್ದರಿಂದ 500 ಮಿ.ಗ್ರಾಂ ಕ್ಯಾಲ್ಸಿಯಂ ಬೇಕಾದರೆ 1250 ಮಿ.ಗ್ರಾಂ ಕಾರ್ಬೊನೇಟ್ ನುಂಗಬೇಕು. ಅದೆಲ್ಲವೂ ಆಮ್ಲದಲ್ಲಿ ಕರಗಿದರೆ ಸುಮಾರು 300 ಮಿ.ಲೀ. ಅನಿಲ, ಒಂದು ದೊಡ್ಡ ಲೋಟದಷ್ಟು! ತೇಗು, ಹೊಟ್ಟೆಯುಬ್ಬರ ಬರುವುದರಲ್ಲಿ ಆಶ್ಚರ್ಯವೇನು? ಇನ್ನು ಕರುಳಿನಲ್ಲಿ ಹೀರದೆ ಉಳಿದ ಕ್ಯಾಲ್ಸಿಯಂ ಮಲವನ್ನು ಗಟ್ಟಿ ಮಾಡುತ್ತದೆ.

ಈ ತೊಂದರೆ ಎಷ್ಟು ಜನರಿಗೆ? ಪಶ್ಚಿಮ ಆಸ್ಟ್ರೇಲಿಯಾದಲ್ಲಿ 70 ದಾಟಿದ 1460 ಹೆಂಗಸರನ್ನು ಐದು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನಕ್ಕೆ ದಿನಕ್ಕೆರಡು ಸಲ 600 ಮಿ.ಗ್ರಾಂ ಕ್ಯಾಲ್ಸಿಯಂ, ಉಳಿದವರಿಗೆ ಔಷಧವಿಲ್ಲದ ಹುಸಿ ಗುಳಿಗೆ. ಮಲಬದ್ಧತೆ ಕಂಡದ್ದು ಮೊದಲ ಗುಂಪಿನ ನೂರಕ್ಕೆ 13.4 ಜನರಲ್ಲಿ, ಎರಡನೆಯ ಗುಂಪಿನ 9.1 ಜನರಲ್ಲಿ. ಆದರೆ ಮುಖ್ಯ ಮಾತು ಮುಂದಿದೆ. ಎಲ್ಲರನ್ನೂ ಸೇರಿಸಿ ನೋಡಿದಾಗ ಗುಳಿಗೆಯಿಂದ ಎಲುಬು ಮುರಿತ ಗಣನೀಯವಾಗಿ ಕಡಿಮೆಯಾಗಿರಲಿಲ್ಲ. ಹತ್ತರಲ್ಲಿ ಎಂಟಾದರೂ ಗುಳಿಗೆ ನೇಮದಿಂದ ನುಂಗಿದವರನ್ನಷ್ಟೇ ನೋಡಿದಾಗ ಮಾತ್ರ ಮುರಿತ ನೂರಕ್ಕೆ 15.4ರಿಂದ 10.2ಕ್ಕೆ ಇಳಿದಿತ್ತು. ಅಷ್ಟು ನೇಮ ಪಾಲಿಸಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ, ಅಷ್ಟೇ. ಡಬ್ಬಿಯಲ್ಲಿ ಕುಳಿತ ಗುಳಿಗೆ ಎಲುಬನ್ನು ಕಾಯುವುದಿಲ್ಲ. ಹೊಟ್ಟೆಯ ಗೋಳನ್ನು ಕಡಿಮೆ ಮಾಡಿದರೆ ಎಲುಬನ್ನು ಕಾಪಾಡಿದಂತೆಯೇ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದಾಗಿ, ಕಾರ್ಬೊನೇಟ್ ಗುಳಿಗೆಯನ್ನು ಊಟದ ಜೊತೆ ಅಥವಾ ಊಟ ಮುಗಿದೊಡನೆ ತೆಗೆದುಕೊಳ್ಳಬೇಕು. ಅದು ಕರಗಲು ಆಮ್ಲ ಬೇಕು; ಆಮ್ಲ ಚೆನ್ನಾಗಿ ಸ್ರವಿಸುವುದು ಊಟದ ಹೊತ್ತಿಗೆ.

ಎರಡನೆಯದಾಗಿ, ದಿನದ ಪಾಲನ್ನು ಒಮ್ಮೆಲೇ ನುಂಗಬಾರದು. ಒಂದು ಹೊತ್ತಿಗೆ 500 ಮಿ.ಗ್ರಾಂಗಿಂತ ಹೆಚ್ಚಾದರೆ ಕರುಳು ಹೀರುವ ಪ್ರಮಾಣ ಇಳಿಯುತ್ತದೆ. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಎಂದು ಹಂಚಿಕೊಳ್ಳಲಿ. ಹೊಸದಾಗಿ ಆರಂಭಿಸುವವರು ಡಾಕ್ಟರನ್ನು ಕೇಳಿ ಕಡಿಮೆ ಪ್ರಮಾಣದಿಂದ ಶುರುಮಾಡಬಹುದು.

ಮೂರನೆಯದಾಗಿ, ನೀರು, ನಾರು, ನಡಿಗೆ. ರಾತ್ರಿ ಏಳಬೇಕಾಗುತ್ತದೆಂದು ಅಜ್ಜಿಯಂದಿರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಹಗಲಿನಲ್ಲೇ ಹೆಚ್ಚು ಕುಡಿಯಲಿ. ಜೋಳದ ರೊಟ್ಟಿ, ಕಾಳುಪಲ್ಲೆ, ಹಸಿ ಸೌತೆಕಾಯಿ, ಮೂಲಂಗಿ ನಮ್ಮ ಊಟದಲ್ಲೇ ಇವೆ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೊಡಬಹುದು. ಸಂಜೆ ಅರ್ಧ ತಾಸು ನಡೆದರೆ ಕರುಳಿಗೂ ಹಿತ, ಎಲುಬಿಗೂ ಹಿತ.

ನಾಲ್ಕನೆಯದಾಗಿ, ಇಷ್ಟಾದರೂ ತೊಂದರೆ ನಿಲ್ಲದಿದ್ದರೆ ಕ್ಯಾಲ್ಸಿಯಂ ಸಿಟ್ರೇಟ್ ಗುಳಿಗೆ ಆದೀತೇ ಎಂದು ಡಾಕ್ಟರನ್ನು ಕೇಳಿ. ಅದಕ್ಕೆ ಆಮ್ಲದ ಹಂಗಿಲ್ಲ, ಬರಿ ಹೊಟ್ಟೆಯಲ್ಲಿಯೂ ತೆಗೆದುಕೊಳ್ಳಬಹುದು. ಆಮ್ಲಪಿತ್ತಕ್ಕೆ ಒಮೆಪ್ರಜೋಲ್‌ನಂಥ ಔಷಧ ನುಂಗುವವರಿಗೆ ಇದೇ ವಾಸಿ. ಆದರೆ ಇದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಸುಮಾರು 21 ಮಾತ್ರ. ಬೆಲೆಯೂ ಹೆಚ್ಚು, ಗುಳಿಗೆಗಳ ಸಂಖ್ಯೆಯೂ ಹೆಚ್ಚು.

ಒಂದು ಎಚ್ಚರಿಕೆ. ಥೈರಾಯ್ಡ್ ಗುಳಿಗೆಗೂ ಕ್ಯಾಲ್ಸಿಯಂಗೂ ನಡುವೆ ನಾಲ್ಕು ತಾಸು ಅಂತರವಿರಲಿ. ಕಬ್ಬಿಣಾಂಶದ ಗುಳಿಗೆ, ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಇವುಗಳ ಜೊತೆಗೂ ಇದನ್ನು ನುಂಗಬಾರದು, ಒಂದನ್ನೊಂದು ಕೆಡಿಸುತ್ತವೆ. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ಡಾಕ್ಟರಿಗೆ ಮೊದಲೇ ತಿಳಿಸಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ವಾಂತಿ, ಅತಿ ಬಾಯಾರಿಕೆ, ಮಂಕು ಕಂಡುಬಂದರೆ ಗುಳಿಗೆಯ ಮೇಲೆ ತಪ್ಪು ಹೊರಿಸಿ ಸುಮ್ಮನಿರದೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

‘ಗುಳಿಗೆಯೇ ಬೇಡ, ಲೈನ್ ಬಜಾರಿನ ಪೇಡೆ ತಂದುಕೊಡಿ, ಅದರಲ್ಲೂ ಹಾಲಿದೆಯಲ್ಲ’ ಎನ್ನುವ ಅಜ್ಜಿಯರೂ ಉಂಟು! ಹಾಲೇನೋ ಇದೆ, ಸಕ್ಕರೆಯೂ ಇದೆ. ಎಲೆಯಡಿಕೆಯ ಸುಣ್ಣ ಸಾಲದೇ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟೇ: ಅಡಿಕೆ ಬಾಯಿಯ ಕ್ಯಾನ್ಸರ್ ತರುವ ವಸ್ತು; ಆ ದಾರಿಯಿಂದ ಬರುವ ಕ್ಯಾಲ್ಸಿಯಂ ನಮಗೆ ಬೇಡ.

ಆಹಾರದ ಕ್ಯಾಲ್ಸಿಯಂ ಹೊಟ್ಟೆಗೆ ಹೆಚ್ಚು ಹಿತ ಎಂಬುದಂತೂ ಸತ್ಯ. 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಇರುತ್ತದೆ. ಮೊಸರು, ಮಜ್ಜಿಗೆಯೂ ಒಳ್ಳೆಯವೇ. 100 ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂಗೂ ಹೆಚ್ಚು, ನಮ್ಮ ಪ್ರೀತಿಯ ಜೋಳದಲ್ಲಿ ಮೂವತ್ತೂ ಇಲ್ಲ. ರೊಟ್ಟಿ ಬಿಡಬೇಕಾಗಿಲ್ಲ. ಬೆಳಿಗ್ಗೆ ಒಂದು ಬಟ್ಟಲು ರಾಗಿ ಅಂಬಲಿ, ವಾರಕ್ಕೆರಡು ದಿನ ನುಗ್ಗೆಸೊಪ್ಪು ಸೇರಿಸಿದರೆ ಸಾಕು. ದಿನಕ್ಕೆ ಬೇಕಾದ 1000-1200 ಮಿ.ಗ್ರಾಂನಲ್ಲಿ ಊಟದಿಂದ ಎಷ್ಟು ಬರುತ್ತದೆ ಎಂದು ತಿಳಿದರೆ, ಗುಳಿಗೆಯ ಪ್ರಮಾಣವನ್ನು ಇಳಿಸಬಹುದೇ ಎಂದು ಡಾಕ್ಟರು ನಿರ್ಧರಿಸಬಲ್ಲರು.

ವಿದ್ಯಾರ್ಥಿಗಳೇ, ಈ ಲೆಕ್ಕ ಅಜ್ಜಿಗಷ್ಟೇ ಅಲ್ಲ. ಎಲುಬಿನ ಗಟ್ಟಿತನದ ಬಹುಪಾಲು ಇಪ್ಪತ್ತರ ಒಳಗೇ ಕೂಡಿಬರುತ್ತದೆ. ಮುಂದೆ ಆಯುಷ್ಯವಿಡೀ ಖರ್ಚು ಮಾಡುವುದು ಅದೇ ಗಂಟನ್ನು. ಬೆಳಿಗ್ಗೆ ಟ್ಯೂಶನ್, ಸಂಜೆ ಟ್ಯೂಶನ್ ಎಂದು ಬಿಸಿಲನ್ನೂ ಆಟವನ್ನೂ ಮಕ್ಕಳಿಂದ ಕಸಿಯುವ ಪಾಲಕರು ಇದನ್ನು ಗಮನಿಸಬೇಕು. ಮುಟ್ಟು ನಿಲ್ಲುವ ವಯಸ್ಸಿಗೆ ಬಂದರೂ ಎಲ್ಲರಿಗೂ ಹಾಲು ಬಡಿಸಿ, ತಾನು ಮಾತ್ರ ಚಹಾದಲ್ಲೇ ದಿನ ಕಳೆಯುವ ಅವ್ವನನ್ನೂ ಮರೆಯಬಾರದು.

ಇವತ್ತು ರಾತ್ರಿ ಊಟವಾದ ಮೇಲೆ ಅಜ್ಜಿಯ ಡಬ್ಬಿ ತೆರೆದು ನೋಡಿ. ಗುಳಿಗೆ ಕಾರ್ಬೊನೇಟೋ ಸಿಟ್ರೇಟೋ ಓದಿ, ಯಾವ ಹೊತ್ತಿಗೆ ಯಾವುದು ಎಂದು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಸಂಡಾಸದ ಮಾತೆತ್ತಲು ಅಜ್ಜಿ ನಾಚಿದರೆ, ಅವಳ ಪರವಾಗಿ ನೀವೇ ಹೇಳಿ.